ಆಯುಧ ಪೂಜೆಯ ದಿನದ ರಿಪೋರ್ಟುಗಳು

ಆಗಸ್ಟ್ 4, 2008, ಸೋಮವಾರ

ಇನ್ಶೂರೆನ್ಸ್ ಏಜೆಂಟು ಜನವರಿಯಲ್ಲಿ ಕೊಟ್ಟ ಡೈರಿ ಇದು. ಇಲ್ಲಿಯವರೆಗೆ ಫೋನಿನ ಪಕ್ಕ ಬಿದ್ದುಕೊಂಡು ನಂಬರು ಗೀಚಿಸಿಕೊಳ್ಳುತ್ತಿತ್ತು. ಇವತ್ತು ನಮ್ಮವರೇ ತಂದು ಕೈಗಿಟ್ಟರು. “ಅಂಬುಜಾ, ಆಫೀಸಿನ ಸಿಟ್ಟೆಲ್ಲ ಇದರಲ್ಲಿ ಬರಿ. ನನ್ನ ಕಿವಿ ಸ್ವಲ್ಪ ದಿನ ಉಳ್ಕೊಳ್ಲಿ” ಅಂದರು. ಹೈಸ್ಕೂಲಿನ ಗಣಿತದ ಮೇಷ್ಟ್ರು. ದಿನವಿಡೀ ಮಕ್ಕಳ ಗಲಾಟೆ ಕೇಳಿ ಬಂದವರಿಗೆ ಹೆಂಡತಿಯ ಗಲಾಟೆ ಜಾಸ್ತಿಯಾಗುತ್ತದಂತೆ. ಆಯಿತು ಮಹರಾಯ, ಬರೆಯುತ್ತೇನೆ.

ಸಿಟ್ಟಿಗೆ ಕಾರಣ ಆತ್ರೇಯ. ನನಗಿಂತ ಆರು ವರ್ಷ ಚಿಕ್ಕವರು, ಆದರೆ ಕಂಪನಿ ಅವರದು, ಹಾಗಾಗಿ ಸಾರ್. ಬಸವೇಶ್ವರನಗರದಲ್ಲಿ ಬೇಕರಿಯ ಮೇಲಿನ ಮಹಡಿಯಲ್ಲಿ ಒಂಬತ್ತು ಜನರ ಕಂಪನಿ. ರಾಜಾಜಿನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನ ಕೆಲಸ ಹಿಡಿದುಕೊಂಡು ಬಂದಿದ್ದಾರೆ. ಎರಡು ತಿಂಗಳಲ್ಲಿ ಮುಗಿಸಿಕೊಡುತ್ತೇವೆ ಎಂದು ಮಾತನ್ನೂ ಕೊಟ್ಟು ಬಂದಿದ್ದಾರೆ. ಮಾಡುವವಳನ್ನು ಒಂದು ಮಾತು ಕೇಳಬೇಡವೇ?

ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಕೆಲಸ ವಿವರಿಸಿದೆ. ಸುಂಕದಕಟ್ಟೆ, ನಾಗರಬಾವಿ, ಕೆಂಗೇರಿ, ಆರ್‌ಪಿಸಿ ಲೇಔಟ್ ಎಲ್ಲ ಕಡೆಯಿಂದ ರಕ್ತದ ಸ್ಯಾಂಪಲ್ ಲ್ಯಾಬಿಗೆ ಬರುತ್ತದೆ. ಪರೀಕ್ಷೆಯಾದ ಮೇಲೆ ಅಲ್ಲಿನ ಒಂದು ಹಳೆಯ ಮಷೀನು ರಿಪೋರ್ಟುಗಳಿಗೆ ನಂಬರು ಹಾಕಿ ಕ್ಯೂನಲ್ಲಿ ನಿಲ್ಲಿಸುತ್ತದೆ. ರೇಷನ್ ಅಂಗಡಿಯ ಸಾಲಿನ ಹಾಗೆ, ಒಬ್ಬರು ತೆಗೆದುಕೊಂಡು ಹೋದರೆ ಮುಗಿಯಿತು. ಈಗ ಬರುತ್ತಿರುವ ಹೊಸ ವ್ಯವಸ್ಥೆಗೆ ಸ್ಟ್ರೀಮ್ ಅನ್ನುತ್ತಾರೆ. ಅದು ಶಾಲೆಯ ನೋಟೀಸ್ ಬೋರ್ಡಿನಂತೆ, ಅಂಟಿಸಿದ್ದು ಅಲ್ಲೇ ಇರುತ್ತದೆ, ಎಷ್ಟು ನರ್ಸಿಂಗ್ ಹೋಮಿನವರು ಬೇಕಾದರೂ ಬಂದು ಓದಬಹುದು. ಸಾಲಿನಿಂದ ಒಂದೊಂದೇ ತೆಗೆದು ಬೋರ್ಡಿಗೆ ಅಂಟಿಸುವ ಕನೆಕ್ಟರ್ ಬರೆಯಬೇಕಾದವಳು ನಾನು.

“ಅಂದ್ರೆ ನೀನು ಪ್ಯೂನ್ ಕೆಲಸ ಮಾಡೋದು” ಅಂದರು. ಹಪ್ಪಳ ಕೊಡಲಿಲ್ಲ.

ಆಗಸ್ಟ್ 12, ಮಂಗಳವಾರ

ಲ್ಯಾಬಿಗೆ ಹೋಗಿದ್ದೆ. ಹಳೆಯ ಮಷೀನು ಹಿಂದಿನ ಕೋಣೆಯಲ್ಲಿದೆ. ಅದನ್ನು ನೋಡಿಕೊಳ್ಳುವ ಆಪರೇಟರ್ ಶ್ರೀಶೈಲ ಅಂತ, ಜಮಖಂಡಿ ಕಡೆಯವನು. ಐವತ್ತು ದಾಟಿರಬಹುದು. ಹನ್ನೊಂದು ವರ್ಷದಿಂದ ಅದೇ ಕೋಣೆ, ಅದೇ ಕುರ್ಚಿ, ಇನ್ನೂ ಕಾಂಟ್ರಾಕ್ಟಿನ ಮೇಲೇ ಇದ್ದಾನೆ.

ಅಬ್ಬಬ್ಬಾ, ಏನು ಮಾತು! ನಾನು ನೆಲದ ಮೇಲೆ ಕೂತು ವೈರು ಹುಡುಕುತ್ತಿದ್ದರೆ ಆತ ತಲೆಯ ಮೇಲೆ ನಿಂತು ಮಷೀನಿನ ಹುಟ್ಟುಚರಿತ್ರೆ ಹೇಳುತ್ತಿದ್ದ. ಮೊದಲು ಯಾವ ಫ್ಯಾನು ಕೆಟ್ಟಿತು, ಇಲಿ ಯಾವಾಗ ಬಂತು, ಆಯುಧ ಪೂಜೆಗೆ ಇದನ್ನು ಹೇಗೆ ಒರೆಸಿ ವಿಭೂತಿ ಬಳಿಯುತ್ತಾರೆ, ಆಮೇಲೆ ನಂಬರು ಏನೋ ಆಗುತ್ತದೆ, ಎಲ್ಲ. “ಕೇಳಾಕ್ಹತ್ತೀರಿಲ್ರಿ ಮೇಡಮ್ಮಾರ?” ಅಂತ ಮಧ್ಯೆ ಮಧ್ಯೆ. ನಾನು ಹ್ಞೂಂ ಹ್ಞೂಂ ಅನ್ನುತ್ತಲೇ ಇದ್ದೆ. ಹಾಗನ್ನದಿದ್ದರೆ ಮೊದಲಿನಿಂದ ಶುರು ಮಾಡುತ್ತಾನೆ. ಚಹಾ ತರಿಸಿಕೊಟ್ಟ, ಅದು ಮಾತ್ರ ಚೆನ್ನಾಗಿತ್ತು.

ಆಗಸ್ಟ್ 21, ಗುರುವಾರ

ತಲೆ ಕೆಟ್ಟು ಹೋಗಿದೆ. ಕನೆಕ್ಟರ್ ನಡುವೆ ನಿಂತು ಮತ್ತೆ ಎದ್ದಾಗ, ಕಳಿಸಿದ್ದ ರಿಪೋರ್ಟನ್ನೇ ಇನ್ನೊಂದು ಸಲ ಕಳಿಸುತ್ತದೆ. ಪರೀಕ್ಷೆಗೆಂದು ಒಪ್ಪಿಕೊಂಡ ಸುಂಕದಕಟ್ಟೆಯ ನರ್ಸಿಂಗ್ ಹೋಮಿನ ಡಾಕ್ಟರು ಫೋನ್ ಮಾಡಿ, “ಒಂದೇ ಹೆಂಗಸಿನ ಶುಗರ್ ಐದು ಸಲ ಬಂದಿದೆ ಮೇಡಂ, ಐದು ಸಲ ಮಾತ್ರೆ ಕೊಡ್ಲಾ?” ಅಂತ ಕಿಚಾಯಿಸಿದರು. ಎಲ್ಲರ ಎದುರು ಸ್ಪೀಕರಿನಲ್ಲಿ. ನಾಚಿಕೆಯಾಯಿತು.

ಸೆಪ್ಟೆಂಬರ್ 1, ಸೋಮವಾರ

ಪರಿಹಾರ ಸಿಕ್ಕಿತು! ಪ್ರೋಗ್ರಾಮಿನಲ್ಲಿ ಒಂದೇ ಸಾಲು. ಹಳೆಯ ಮಷೀನು ಪ್ರತಿ ರಿಪೋರ್ಟಿಗೂ ಏರುತ್ತಾ ಹೋಗುವ ನಂಬರು ಕೊಡುತ್ತದೆ. ಕೊನೆಗೆ ಕಂಡ ನಂಬರೇ ಬಂತೋ, ಅದಕ್ಕಿಂತ ಚಿಕ್ಕದು ಬಂತೋ, ಅದು ಹಳೆಯದು. ಮಷೀನಿಗೆ ‘ತಲುಪಿತು’ ಅಂತ ಹೇಳು, ರಿಪೋರ್ಟನ್ನು ಬಿಟ್ಟುಬಿಡು. ಇಷ್ಟೇ. ಉಳಿದವರು ನಾಲ್ಕು ಪುಟ ಬರೆಯುವ ಜಾಗದಲ್ಲಿ ನಾನು ಒಂದು ಸಾಲು ಬರೆದೆ. ಆತ್ರೇಯ ನೋಡಿ, “ಮೇಡಂ, ನೀವು ಬಿಡಿ” ಅಂದರು. ಆಟೋದಲ್ಲಿ ಮನೆಗೆ ಬಂದೆ. ನಾಡಿದ್ದು ಗಣೇಶನ ಹಬ್ಬ, ವಿಜಯನಗರ ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗವಿಲ್ಲ.

ಸೆಪ್ಟೆಂಬರ್ 22, ಸೋಮವಾರ

ಹೊಸ ವ್ಯವಸ್ಥೆ ಶುರುವಾಯಿತು. ಇವತ್ತಿನಿಂದ ಕಾಗದ ಹೊತ್ತುಕೊಂಡು ಓಡುವವರಿಲ್ಲ, ರಿಪೋರ್ಟು ನೇರ ಡಾಕ್ಟರ ಪರದೆಗೆ. ಲ್ಯಾಬಿನ ಒಡತಿ ಡಾಕ್ಟರ್ ಬಸವರಾಜೇಶ್ವರಿಯವರು ಎಲ್ಲರಿಗೂ ಮೈಸೂರು ಪಾಕ್ ಹಂಚಿದರು. ಅರವತ್ತರ ಹತ್ತಿರದ ಹೆಂಗಸು, ಮಾತು ಕಡಿಮೆ. ನನ್ನ ಕೈ ಹಿಡಿದುಕೊಂಡು, “ಒಂದೂ ತಪ್ಪಿಹೋಗಲ್ಲ ತಾನೆ?” ಅಂದರು. ಒಂದೂ ಇಲ್ಲ ಮೇಡಂ ಅಂದೆ. ಅಷ್ಟು ಧೈರ್ಯವಾಗಿ ಹೇಳಿದ್ದು ನನಗೇ ಖುಷಿಯಾಯಿತು.

ಆಪರೇಟರು ಎರಡು ತುಂಡು ತಿಂದು ಮೂರನೆಯದನ್ನು ಹೆಂಡತಿಗೆಂದು ಪೇಪರಿನಲ್ಲಿ ಸುತ್ತಿಕೊಂಡ.

ಅಕ್ಟೋಬರ್ 8, ಬುಧವಾರ

ಆಯುಧ ಪೂಜೆ. ಬೆಳಿಗ್ಗೆ ಆಫೀಸಿನಲ್ಲಿ ಕಂಪ್ಯೂಟರುಗಳಿಗೆಲ್ಲ ಕುಂಕುಮ, ಹೂವು. ಆತ್ರೇಯ ಬಾಗಿಲಲ್ಲಿ ಬೂದುಗುಂಬಳ ಒಡೆಯಲು ಹೋಗಿ ಬೇಕರಿಯವರ ಸ್ಕೂಟರಿಗೆ ಸಿಡಿಸಿದರು. ಮನೆಗೆ ಬಂದು ಒಬ್ಬಟ್ಟು ಮಾಡಿದೆ. ಇವರು ಬಜಾಜ್ ತೊಳೆದು ನಿಂಬೆಹಣ್ಣಿನ ಮೇಲೆ ಹತ್ತಿಸಿದರು. ಮಧ್ಯಾಹ್ನ ಎರಡು ಗಂಟೆ ನಿದ್ದೆ, ಎಷ್ಟು ತಿಂಗಳಾಗಿತ್ತೋ.

ಅಕ್ಟೋಬರ್ 9, ಗುರುವಾರ

ಇವತ್ತು ವಿಜಯದಶಮಿ, ಹಬ್ಬದ ದಿನವೇ ಫೋನು. ಬೆಳಿಗ್ಗೆ ಹತ್ತೂವರೆ. ಲ್ಯಾಬಿನ ಕೌಂಟರಿನಲ್ಲಿ ಸೀತಾ ಎಂಬಾಕೆ ಕೂಗಾಡುತ್ತಿದ್ದಾಳೆ ಎಂದರು. ಅವಳ ತಾಯಿ ಮುನಿಲಕ್ಷ್ಮಮ್ಮನ ರಕ್ತ ನಿನ್ನೆ ಮಧ್ಯಾಹ್ನವೇ ಪರೀಕ್ಷೆಯಾಗಿದೆ, ಪೊಟ್ಯಾಸಿಯಂ ವಿಪರೀತ ಏರಿದೆ, ಎದೆಬಡಿತ ನಿಂತುಹೋಗುವಷ್ಟು. ಸುಂಕದಕಟ್ಟೆಯ ಡಾಕ್ಟರಿಗೆ ರಿಪೋರ್ಟು ಹೋಗಿಯೇ ಇಲ್ಲ. ರಾತ್ರಿಯೆಲ್ಲ ಕಾದು, ತಾಯಿಯ ಕೈಕಾಲು ಸೋಲತೊಡಗಿದಾಗ ಮಗಳು ಬಸ್ಸು ಹತ್ತಿ ತಾನೇ ಬಂದಿದ್ದಾಳೆ. ಕೌಂಟರಿನವರು ನೋಡಿ ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಿದ್ದಾರೆ. ಮುನಿಲಕ್ಷ್ಮಮ್ಮನನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿದ್ದಾರೆ.

ಆಫೀಸಿಗೆ ಓಡಿದೆ. ಹತ್ತು ನಿಮಿಷ ಸಾಕಾಯಿತು. ನಿನ್ನೆ ಹನ್ನೆರಡು ಗಂಟೆಯ ತನಕ ನಂಬರು ಮೂರು ಲಕ್ಷದ ಮೇಲಿತ್ತು. ಆಮೇಲೆ ಒಂದು, ಎರಡು, ಮೂರು. ಪೂಜೆಗೆ ಮಷೀನು ನಿಲ್ಲಿಸಿ ಮತ್ತೆ ಹಾಕಿದ್ದಾರೆ, ಎಣಿಕೆ ಹೊಸದಾಗಿ ಶುರುವಾಗಿದೆ. ನನ್ನ ಒಂದು ಸಾಲು ಎಲ್ಲವನ್ನೂ ಹಳೆಯದೆಂದು ತಿಳಿದು, ‘ತಲುಪಿತು’ ಎಂದು ಹೇಳಿ ಹೇಳಿ ಬಿಟ್ಟಿದೆ. ನೂರ ಹದಿನೆಂಟು ರಿಪೋರ್ಟು. ಬಿಟ್ಟಿದ್ದನ್ನು ಎಲ್ಲೂ ಬರೆದಿಡಲು ಕೂಡ ನಾನು ಹೇಳಿರಲಿಲ್ಲ. ಅಲ್ಲಿ ಶ್ರೀಶೈಲನ ಪರದೆಯಲ್ಲಿ ಎಲ್ಲವೂ ತಲುಪಿದ ಹಾಗೆ ಹಸಿರಾಗಿಯೇ ಕಂಡಿದೆ.

ಸಾಲು ತೆಗೆದೆ. ಹಳೆಯ ಮಷೀನಿನಲ್ಲಿ ಎರಡು ದಿನದ ನಕಲು ಇರುತ್ತದೆ, ಪುಣ್ಯ. ಎಲ್ಲ ಮತ್ತೆ ಕಳಿಸಿದೆ. ಉಳಿದವರಿಗೆ ಏನೂ ಆಗಿಲ್ಲ.

ಆಮೇಲೆ ಕುರ್ಚಿಯಲ್ಲಿ ಕೂತಾಗ ಹೊಳೆಯಿತು. ಆಗಸ್ಟಿನಲ್ಲಿ ಶ್ರೀಶೈಲ ಹೇಳಿದ್ದ. ಅರ್ಧ ಕೇಳಿಸಿಕೊಂಡಿದ್ದು ಈಗ ಪೂರ್ತಿ ನೆನಪಾಗುತ್ತಿದೆ. “ಆಯುಧ ಪೂಜಾಕ್ಕ ಬಂದ್ ಮಾಡ್ತೀವ್ರಿ. ಮತ್ತ ಚಾಲೂ ಮಾಡಿದಾಗ ನಂಬರ ಒಂದರಿಂದ ಹೊಂಡತಾವ, ಅದನ್ನಷ್ಟ ಲಕ್ಷ್ಯದಾಗ ಇಟ್ಕೋರಿ.” ನಾನು ಹ್ಞೂಂ ಅಂದಿದ್ದೆ. ಸ್ಪಷ್ಟವಾಗಿ ಅಂದಿದ್ದೆ.

ಅಕ್ಟೋಬರ್ 10, ಶುಕ್ರವಾರ

ಲ್ಯಾಬಿನಲ್ಲಿ ಮೀಟಿಂಗ್. ಬಸವರಾಜೇಶ್ವರಿಯವರು, ಆತ್ರೇಯ, ನಾನು, ಬಾಗಿಲ ಬಳಿ ನಿಂತುಕೊಂಡೇ ಶ್ರೀಶೈಲ.

ಆತ್ರೇಯ ಬಾಯಿಪಾಠ ಮಾಡಿಕೊಂಡು ಬಂದಿದ್ದರು. “ಮೇಡಂ, ನಮ್ಮ ಕನೆಕ್ಟರ್ ಸರಿಯಾಗೇ ಇದೆ. ನಿಮ್ಮ ಕಡೆಯವರು ನಮಗೆ ತಿಳಿಸದೆ ಮಷೀನ್ ಆಫ್ ಮಾಡಿದ್ದಾರೆ. ಹಾಗೆ ಮಾಡಿದ್ರೆ ಯಾರ ಸಾಫ್ಟ್‌ವೇರೂ ತಡ್ಕೊಳ್ಳಲ್ಲ.”

ಬಸವರಾಜೇಶ್ವರಿಯವರು ಬಾಗಿಲ ಕಡೆ ತಿರುಗಿದರು. “ಶ್ರೀಶೈಲಪ್ಪ, ಪೂಜೆಗೆ ನಿಲ್ಲಿಸ್ತೀವಿ ಅಂತ ಇವರಿಗೆ ಮೊದಲೇ ಹೇಳಿದ್ರಾ?”

ಅವನು ನನ್ನ ಕಡೆ ನೋಡಿದ. ನಾನು ಪೆನ್ನಿನ ಮುಚ್ಚಳ ನೋಡಿದೆ.

“ಹೇಳಿದಂಗ ನೆಪ್ಪೈತ್ರಿ ಅಮ್ಮಾರ...” ಅಂದ. ಮತ್ತೆ ನನ್ನ ಮುಖ ನೋಡಿ, “ಇಲ್ರಿ. ಹೇಳಿರಲಿಕ್ಕಿಲ್ರಿ. ನನ್ನಿಂದ ತಪ್ಪಾತ್ರಿ” ಅಂದ.

ನಾಳೆಯಿಂದ ಬರಬೇಡಿ, ಮುಂದಿನ ವಾರ ನಿರ್ಧಾರ ಹೇಳುತ್ತೇನೆ ಎಂದು ಬಸವರಾಜೇಶ್ವರಿಯವರು ಅವನಿಗೆ ಹೇಳಿದರು. ಅಂದರೆ ತೆಗೆಯುತ್ತಾರೆ. ಕಾಂಟ್ರಾಕ್ಟಿನವನಿಗೆ ನೋಟೀಸೂ ಬೇಕಿಲ್ಲ.

ನಾನು ಸುಳ್ಳು ಹೇಳಲಿಲ್ಲ. ನನ್ನನ್ನು ಯಾರೂ ಕೇಳಲೇ ಇಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ವೈರು ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತವಳಿಗೆ ಬಾಯಿಮಾತಲ್ಲಿ ಹೇಳಿದರೆ ಅದು ಹೇಳಿದ ಹಾಗಾಯಿತೇ? ಬರೆದು ಕೊಡಬೇಕಿತ್ತು. ಎಲ್ಲ ಕಡೆ ನಿಯಮ ಅದೇ.

ಅಕ್ಟೋಬರ್ 11, ಶನಿವಾರ

ಸಾರಿಗೆ ಉಪ್ಪು ಎರಡು ಸಲ ಹಾಕಿದೆನಂತೆ.

ಅಕ್ಟೋಬರ್ 14, ಮಂಗಳವಾರ

ಮುನಿಲಕ್ಷ್ಮಮ್ಮನನ್ನು ನೋಡಲು ಆಸ್ಪತ್ರೆಗೆ ಹೋದೆ. ಆತ್ರೇಯರಿಗೆ ತಿಳಿಸಿಲ್ಲ.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಶ್ರೀಶೈಲಪ್ಪ ಕೂತಿದ್ದರು. ಪಕ್ಕದಲ್ಲಿ ಎರಡು ಎಳನೀರು. ನನ್ನನ್ನು ಕಂಡು ಎದ್ದು ನಿಂತರು.

“ದಿನಾ ಬರ್ತೀನ್ರಿ. ಇವತ್ತ ಎಳನೀರ ತಂದಿದ್ದೆ, ನರ್ಸಮ್ಮ ಬಾಯಿಗೆ ಬಂದಂಗ ಬೈದ್ರು. ಅದರಾಗೂ ಪೊಟ್ಯಾಸಿಯಂ ಇರ್ತೈತಂತ್ರಿ. ಹನ್ನೊಂದ ವರ್ಷ ಆ ಹೆಸರಿನ ರಿಪೋರ್ಟ್ ಕಳಿಸೀನಿ, ಅದು ಯಾವುದರಾಗ ಇರ್ತೈತಿ ಅನ್ನೂದು ಗೊತ್ತಿಲ್ಲ ನೋಡ್ರಿ ನನಗ.”

ಹೇಗಿದ್ದಾರೆ ಎಂದು ಕೇಳಿದೆ. ನಾಳೆ ನಾಡಿದ್ದರಲ್ಲಿ ಮನೆಗೆ ಕಳಿಸುತ್ತಾರಂತೆ, ಸೀತಾ ಮೊದಮೊದಲು ತಮ್ಮನ್ನು ಒಳಗೇ ಬಿಡುತ್ತಿರಲಿಲ್ಲವಂತೆ, ನಿನ್ನೆಯಿಂದ ಕಾಫಿ ತರಲು ಫ್ಲಾಸ್ಕು ಕೊಡುತ್ತಿದ್ದಾಳಂತೆ.

“ಆ ಯವ್ವಗ ಏನರೆ ಆಗಿದ್ದರ...” ಅಂದರು. ಆ ಮನುಷ್ಯ ಮಾತು ಅರ್ಧಕ್ಕೆ ನಿಲ್ಲಿಸಿದ್ದನ್ನು ನಾನು ಮೊದಲ ಸಲ ಕಂಡೆ.

ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ನರ್ಸು ಬಂದು ಯಾರಾದರೂ ಒಬ್ಬರೇ ಒಳಗೆ ಬನ್ನಿ ಎಂದಳು, ಅವರು “ನೀವ ಹೋಗ್ರಿ ಮೇಡಮ್ಮಾರ” ಎಂದು ನನ್ನನ್ನು ಕಳಿಸಿದರು. ಮುನಿಲಕ್ಷ್ಮಮ್ಮ ಹಣೆಗೆ ವಿಭೂತಿ ಇಟ್ಟುಕೊಂಡು ಮಲಗಿದ್ದರು. ನಾನು ಯಾರೆಂದು ಕೇಳಿದರು. ಲ್ಯಾಬಿನ ಕಡೆಯವಳು ಎಂದೆ. “ಅವಯ್ಯ ಒಳ್ಳೆ ಮನುಸ ಕಣವ್ವ, ಪಾಪ, ಮನೆ ಮಠ ಬಿಟ್ಟು ಇಲ್ಲೇ ಕುಂತವ್ನೆ” ಅಂದರು. ಹೊರಗೆ ಬಂದಾಗ ಶ್ರೀಶೈಲಪ್ಪ ಕಾಫಿ ತರಲು ಹೋಗಿದ್ದರು. ಕಾಯದೆ ಬಂದುಬಿಟ್ಟೆ.

ಅಕ್ಟೋಬರ್ 15, ಬುಧವಾರ

ಇವರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಉತ್ತರಪತ್ರಿಕೆ ತಿದ್ದುತ್ತಿದ್ದವರು ಕೆಂಪು ಪೆನ್ನು ಕೆಳಗಿಟ್ಟು, “ನಿಂಗೆ ಯಾವುದಕ್ಕೆ ಭಯ? ಕೆಲಸ ಹೋಗುತ್ತೆ ಅಂತಾನಾ?” ಅಂದರು.

ಅದಲ್ಲ. ಕೆಲಸ ಇನ್ನೊಂದು ಸಿಗುತ್ತದೆ. ಇಪ್ಪತ್ತು ವರ್ಷದಿಂದ ನಾನು ಎಲ್ಲರಿಗೂ, ‘ನಾನು ಹೇಳಿದ್ದನ್ನ ಸರಿಯಾಗಿ ಕೇಳಿಸ್ಕೊಳ್ರಿ’ ಎಂದು ಬೈದುಕೊಂಡು ಬಂದವಳು. ಇದನ್ನು ಇವರಿಗೆ ಹೇಳಲಿಲ್ಲ, ಇಲ್ಲಿ ಬರೆದೆ. ನಾಚಿಕೆಯಾಗುತ್ತದೆ.

ಅಕ್ಟೋಬರ್ 17, ಶುಕ್ರವಾರ

ಹೇಳಿದೆ.

ಮೊದಲು ಆತ್ರೇಯರಿಗೆ. ಬಾಗಿಲು ಹಾಕಿಕೊಂಡು ನಿಧಾನವಾಗಿ ಮಾತಾಡಿದರು. “ಮೇಡಂ, ಆಗಿದ್ದಾಯ್ತು. ಆ ಹೆಂಗಸು ಹುಷಾರಾಗಿದ್ದಾರೆ. ಆಪರೇಟರೇ ತಪ್ಪು ಒಪ್ಕೊಂಡಿದ್ದಾರೆ. ಈಗ ನೀವ್ಯಾಕೆ ಹೋಗಿ ಕೆದಕ್ತೀರಾ? ಒಂಬತ್ತು ಜನ ಇದೀವಿ ಇಲ್ಲಿ.” ಒಪ್ಪಿಕೊಂಡಿದ್ದಾರೆ, ಆದರೆ ಮಾಡದ ತಪ್ಪನ್ನು, ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. ನಾನು ಬೈಯುವವಳಿದ್ದೆ, ಬೈಯಲಾಗಲಿಲ್ಲ. ಅವರ ಭಯವೂ ಸುಳ್ಳಲ್ಲ.

ಅಲ್ಲಿಂದ ನಡೆದುಕೊಂಡೇ ಲ್ಯಾಬಿಗೆ ಹೋದೆ. ಬಸವರಾಜೇಶ್ವರಿಯವರ ಎದುರು ಕೂತು, ಆಗಸ್ಟ್ ಹನ್ನೆರಡರಂದು ಶ್ರೀಶೈಲಪ್ಪ ಏನು ಹೇಳಿದರು, ನಾನು ಏನು ಅಂದೆ, ಮೀಟಿಂಗಿನಲ್ಲಿ ಯಾಕೆ ಸುಮ್ಮನಿದ್ದೆ, ಎಲ್ಲ ಹೇಳಿದೆ. ಬರೆದೂ ಕೊಟ್ಟೆ. ಅವರು ಕಾಗದ ಎರಡು ಸಲ ಓದಿದರು. “ಅವತ್ತು ಕೈ ಹಿಡ್ಕೊಂಡು ಕೇಳಿದ್ದೆ ನಿಮ್ಮನ್ನ” ಅಂದರು, ಅಷ್ಟೇ. ಶ್ರೀಶೈಲಪ್ಪನಿಗೆ ಅಲ್ಲಿಂದಲೇ ಫೋನ್ ಮಾಡಿಸಿ ಸೋಮವಾರ ಕೆಲಸಕ್ಕೆ ಬನ್ನಿ ಎಂದು ತಿಳಿಸಿದರು. ನಮ್ಮ ಕಂಪನಿಯನ್ನು ಬಿಡುವುದೋ ಇಟ್ಟುಕೊಳ್ಳುವುದೋ ತಿಂಗಳ ಕೊನೆಗೆ ಹೇಳುತ್ತಾರಂತೆ. ಅಲ್ಲಿಯವರೆಗೆ ಕನೆಕ್ಟರಿನ ಒಂದು ಅಕ್ಷರ ಬದಲಾಯಿಸಬೇಕಾದರೂ ಶ್ರೀಶೈಲಪ್ಪ ನೋಡಿ ಸಹಿ ಹಾಕಬೇಕು.

ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದೆ. ಹಗುರವಾಗಿದೆ. ಶ್ರೀಶೈಲಪ್ಪನವರಿಗೂ ಸಮಾಧಾನವಾಗಿರುತ್ತದೆ.

ಅಕ್ಟೋಬರ್ 20, ಸೋಮವಾರ

ಬೆಳಿಗ್ಗೆ ಒಂಬತ್ತಕ್ಕೇ ಲ್ಯಾಬಿಗೆ ಹೋದೆ. ಹಿಂದಿನ ಕೋಣೆಯಲ್ಲಿ ಶ್ರೀಶೈಲಪ್ಪನವರು ಕುರ್ಚಿಯಲ್ಲಿದ್ದರು. ನಮಸ್ಕಾರ ಎಂದೆ. ತಿರುಗಲಿಲ್ಲ. ಅವರು ಮಾತಾಡದೆ ಇದ್ದರೆ ಆ ಕೋಣೆಯಲ್ಲಿ ಮಷೀನಿನ ಫ್ಯಾನಿನ ಸದ್ದು ಎಷ್ಟು ಜೋರು ಅಂತ ಇವತ್ತು ಗೊತ್ತಾಯಿತು.

ಕ್ಷಮೆ ಕೇಳಲು ದಾರಿಯಲ್ಲೇ ಮಾತು ಜೋಡಿಸಿಕೊಂಡು ಬಂದಿದ್ದೆ. ಅದೆಲ್ಲ ಮರೆತು, “ನೀವು ನನಗೆ ಹೇಳಿದ್ರಿ. ಅವತ್ತು ಮೀಟಿಂಗ್‌ನಲ್ಲಿ ಯಾಕೆ ಇಲ್ಲ ಅಂದ್ರಿ?” ಎಂದು ಅವರನ್ನೇ ಕೇಳಿಬಿಟ್ಟೆ. ಆಗ ತಿರುಗಿದರು.

“ಹೇಳೀನಿ ಅಂತನ ಇತ್ರಿ ತಲ್ಯಾಗ. ಆದ್ರ ಅವತ್ತ ನಿಮ್ಮ ಮಾರಿ ನೋಡಿದೆ. ನೀವು ಸುಮ್ನ ಕುಂತಿದ್ರಿ. ಓದಿದವ್ರು, ದೊಡ್ಡವ್ರು, ನಾ ಖರೇನ ಹೇಳಿದ್ರ ‘ಹೌದ, ಹೇಳ್ಯಾರ’ ಅಂತಿದ್ರು, ಅನ್ನವಲ್ರು ಅಂದಮ್ಯಾಲ ನಾನ ಹೇಳಿಲ್ಲ ಅಂತ ತಿಳಕೊಂಡೆ. ಮನ್ಯಾಗ ಹೇಣ್ತಿ ಕಸ್ತೂರೆವ್ವಗ ಅಂದೆ, ನನ್ನ ತಲಿ ಹ್ವಾದಂಗ ಆಗೇತಿ ನೋಡ, ಹೇಳಿದ್ದು ಹೇಳದ್ದು ತಿಳೀವಲ್ದು ಅಂತ. ಆಕಿ ಡಾಕ್ಟರ್ ಹಂತೇಕ ಕರಕೊಂಡ ಹೋದ್ಳು, ಮರವಿಗೆ ಗುಳಿಗಿ ಕೊಟ್ರು. ಎಂಟ ದಿನಾ ನಾ ನನ್ನ ತಲೀನ ನಂಬಿಲ್ರಿ ಮೇಡಮ್ಮಾರ. ಆ ಎಂಟೂ ದಿನ ನಿಮಗ ಗೊತ್ತಿತ್ತು.”

ಕೂಗಲಿಲ್ಲ. ಫ್ಯಾನಿನ ಸದ್ದಿಗೆ ಎಷ್ಟು ಬೇಕೋ ಅಷ್ಟೇ ದನಿಯಲ್ಲಿ ಹೇಳಿದರು. ನನಗೆ ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ಜೇಬಿನಿಂದ ಗುಳಿಗೆಯ ಹಾಳೆ ತೆಗೆದು ಮೇಜಿನ ಮೇಲಿಟ್ಟರು. ನಾಲ್ಕು ಖಾಲಿಯಾಗಿದ್ದವು.

“ಯಾತಕ್ಕ ಬಂದ್ರಿ?” ಎಂದು ಕೇಳಿದರು.

ಮಷೀನಿನ ಬಗ್ಗೆ ನಿಮಗೆ ಗೊತ್ತಿರುವುದನ್ನೆಲ್ಲ ಕೇಳಿ ಬರೆದುಕೊಳ್ಳಲು ಎಂದೆ.

ಇನ್ನೊಂದು ಕುರ್ಚಿಯ ಮೇಲಿದ್ದ ಫೈಲುಗಳನ್ನು ಎತ್ತಿ ನೆಲಕ್ಕಿಟ್ಟರು. “ಕುಂದರ್ರಿ” ಅಂದರು. ಶುರು ಮಾಡಿದರು. ಕರೆಂಟು ಹೋದರೆ ಯುಪಿಎಸ್ಸಿನಲ್ಲಿ ಎಷ್ಟು ನಿಮಿಷ, ಯಾವ ಸ್ಯಾಂಪಲ್ಲಿನ ರಿಪೋರ್ಟು ಎರಡು ಸಲ ಬರುತ್ತದೆ, ಯಾಕೆ, ತಾರೀಖು ಬದಲಾಗುವ ಹೊತ್ತಿಗೆ ಏನಾಗುತ್ತದೆ, ಪೂಜೆಯ ದಿನ ಏನೇನು. ಸಂಜೆ ನಾಲ್ಕರವರೆಗೆ ಹೇಳಿದರು. ಚಹಾ ತರಿಸಲಿಲ್ಲ. ಹದಿನಾಲ್ಕು ಪುಟವಾಯಿತು. ಮುಗಿಯಿತೇ ಎಂದು ಪುಸ್ತಕ ಮುಚ್ಚಲು ಹೋದೆ.

“ಓದಿ ಹೇಳ್ರಿ” ಅಂದರು.

ಮೊದಲ ಪುಟದಿಂದ ಓದಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಎರಡು ಕಡೆ ತಪ್ಪಾಗಿತ್ತು. ತಿದ್ದಿದೆ.